ಇಂಜಿನ್ ಬಿಚ್ಚಿದ ಗಾಡಿ

ಹಳೇ ಕಾರು ಮಾರುವವರ ಬಾಯಲ್ಲಿ ಎರಡು ಮಾತು ಸದಾ ಸಿದ್ಧ. ಇಂಜಿನ್ನಿಗೆ ಇದುವರೆಗೆ ಯಾರೂ ಕೈ ಹಚ್ಚಿರದಿದ್ದರೆ ‘ಸೀಲ್ ಪ್ಯಾಕ್ ಅದರೀ’ ಎನ್ನುತ್ತಾರೆ. ಹಚ್ಚಿದ್ದರೆ ‘ಈಗಷ್ಟೇ ಇಂಜಿನ್ ಕೆಲಸ ಆಗ್ಯದ, ಇನ್ನ ಲಕ್ಷ ಕಿಲೋಮೀಟರ್ ನೋಡೂದೇ ಬ್ಯಾಡ’ ಎನ್ನುತ್ತಾರೆ. ಬಿಚ್ಚದಿರುವುದೂ ಗುಣ, ಬಿಚ್ಚಿದ್ದೂ ಗುಣ. ಕೊಳ್ಳುವವನಿಗೆ ಮಾತ್ರ ಎರಡರ ಮೇಲೂ ಅನುಮಾನ. ಅದರಲ್ಲೂ ದರ ಕಡಿಮೆ ಇದ್ದು, ಇಂಜಿನ್ ಹೊಸದಾಗಿ ಕೂಡಿಸಿದ್ದೆಂದರೆ ಅನುಮಾನ ಇಮ್ಮಡಿ. ಪುಣೆಯ ಯೆರವಡಾದಲ್ಲಿ ಈ ಅನುಮಾನ ಬಗೆಹರಿಸಿಕೊಡುವ ಮಿಸ್ತ್ರಿಗಳಿದ್ದಾರೆ. ಅವರ ಕಸುಬು ಎರಡು ಥರದ್ದು: ಇಂಜಿನ್ ಬಿಚ್ಚಿ ಕೂಡಿಸುವುದು ಒಂದು, ಬೇರೆಯವರು ಬಿಚ್ಚಿ ಕೂಡಿಸಿದ್ದನ್ನು ಹೊರಗಿನಿಂದಲೇ ಓದುವುದು ಇನ್ನೊಂದು. ನನಗೆ ಎರಡನೆಯದರ ಮೇಲೆ ಹೆಚ್ಚು ಬೆರಗು. ಆದರೆ ಮೊದಲನೆಯದು ಗೊತ್ತಿಲ್ಲದವನಿಗೆ ಎರಡನೆಯದು ದಕ್ಕುವುದಿಲ್ಲ.

ಯೆರವಡಾ ಎಂದೊಡನೆ ಜೈಲು ನೆನಪಾಗುತ್ತದೆ, 1932ರ ಸೆಪ್ಟೆಂಬರಿನ ಗಾಂಧೀಜಿಯ ಉಪವಾಸ ಮತ್ತು ಪುಣೆ ಒಪ್ಪಂದ ನೆನಪಾಗುತ್ತವೆ. ಅವರು ಪೆಟ್ಟಿಗೆಯೊಳಗೆ ಮಡಚಿ ಒಯ್ಯಬಹುದಾದ ಚರಕವನ್ನು ತಿದ್ದಿ ತೀಡಿದ್ದೂ ಅದೇ ಜೈಲಿನಲ್ಲಿ. ಅದಕ್ಕೆ ಯೆರವಡಾ ಚಕ್ರವೆಂದೇ ಹೆಸರಾಯಿತು. ಈಗಿನ ಯೆರವಡಾಕ್ಕೂ ಗಾಡಿಗಳಿಗೂ ಇರುವ ನಂಟಿಗೆ ಒಂದು ಕಾರಣ ಆಳಂದಿ ರಸ್ತೆಯ ಫುಲೆನಗರದ ಆರ್‌ಟಿಒ ಕಚೇರಿ. ಅಂಥ ಕಚೇರಿ ಇದ್ದಲ್ಲಿ ಏಜೆಂಟರು, ವಿಮೆಯವರು, ನಂಬರ್ ಪ್ಲೇಟಿನವರು, ಚಹಾದವರು, ಗ್ಯಾರೇಜಿನವರು ತಾವಾಗಿಯೇ ಕೂಡುತ್ತಾರೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆಂದು ಪುಣೆಗೆ ಬಂದು ನೆಲೆಸಿದ ಮನೆಗಳು ನಗರದ ಉದ್ದಗಲಕ್ಕೂ ಇವೆ. ಅಪ್ಪ ಗವಂಡಿ ಕೆಲಸ ಮಾಡಿದರೆ ಮಗ ಐಟಿ ಕಂಪನಿಯ ಕ್ಯಾಬ್ ಓಡಿಸುತ್ತಾನೆ, ಇಲ್ಲವೇ ಫರಶಿ ಕೂಡಿಸುತ್ತಾನೆ. ಕೈಯಲ್ಲಿ ಒಂದಿಷ್ಟು ದುಡ್ಡು ಕೂಡಿದ ಕೂಡಲೇ ಜಾತ್ರೆಗೆ, ಮದುವೆಗೆ ಸೋಲಾಪುರದ ಮೇಲೆ ಊರಿಗೆ ಹೋಗಲು ಸ್ವಂತ ಗಾಡಿ ಬೇಕೆನಿಸುತ್ತದೆ. ಹೊಸದು ಕೈಗೆಟುಕುವುದಿಲ್ಲ. ಹದಿನೈದು ವರ್ಷದ ವ್ಯಾಗನ್ ಆರ್ ಎಟುಕುತ್ತದೆ.

ಇಂಜಿನ್ ಕೆಲಸವೆಂದರೆ ಏನು? ಗ್ಯಾರೇಜಿನ ಮಾತಿನಲ್ಲಿ ಹಾಫ್ ಇಂಜಿನ್, ಫುಲ್ ಇಂಜಿನ್ ಎಂದು ಎರಡು ಬಗೆ. ಹಾಫ್ ಎಂದರೆ ಹೆಡ್ ಇಳಿಸಿ, ವಾಲ್ವ್ ಸರಿಮಾಡಿ, ರಿಂಗ್ ಬದಲಿಸುವುದು. ಕ್ರ್ಯಾಂಕು ಇದ್ದಲ್ಲೇ ಇರುತ್ತದೆ. ಫುಲ್ ಎಂದರೆ ಬ್ಲಾಕು, ಕ್ರ್ಯಾಂಕು, ಹೆಡ್ಡು ಮೂರೂ ಲೇತಿಗೆ ಹೋಗುತ್ತವೆ. ಮಾರುವವರು ಮೊದಲನೆಯದನ್ನು ಮಾಡಿಸಿ ಎರಡನೆಯದರ ಹೆಸರು ಹೇಳುವುದು ಈ ವ್ಯಾಪಾರದ ಅತಿ ಹಳೆಯ ಸುಳ್ಳು.

ಹಳೇ ಮಾರುತಿ 800ರ ಇಂಜಿನ್ನನ್ನೇ ತೆಗೆದುಕೊಳ್ಳಿ. ಸಿಲಿಂಡರಿನ ಬಾಯಿ 68.5 ಮಿಲಿಮೀಟರ್, ಪಿಸ್ಟನ್ ಓಡುವ ಉದ್ದ 72 ಮಿಲಿಮೀಟರ್. ಅಂಥ ಮೂರು ಕೂಡಿದರೆ 796 ಸಿಸಿ. ಅದೇ ಅಳತೆಯ ನಾಲ್ಕನೇ ಸಿಲಿಂಡರ್ ಸೇರಿಸಿದ್ದೇ 2010ರವರೆಗಿನ ವ್ಯಾಗನ್ ಆರ್‌ನ 1061 ಸಿಸಿ ಇಂಜಿನ್. ಲಕ್ಷಾಂತರ ಕಿಲೋಮೀಟರ್ ಓಡಿದ ಮೇಲೆ ಆ 68.5 ಎಲ್ಲ ಕಡೆ 68.5 ಆಗಿ ಉಳಿದಿರುವುದಿಲ್ಲ. ಮೇಲುಗಡೆ, ರಿಂಗು ನಿಂತು ತಿರುಗುವ ಜಾಗದಲ್ಲಿ, ಗೋಡೆ ಹೆಚ್ಚು ಸವೆದಿರುತ್ತದೆ. ಅದೂ ದುಂಡಗೆ ಸವೆಯದೆ ಒಂದು ಬದಿಗೆ ಉದ್ದವಾಗಿ ಸವೆದಿರುತ್ತದೆ. ಆದ್ದರಿಂದ ಬೋರ್ ಗೇಜನ್ನು ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆಯೂ ಅಡ್ಡಕ್ಕೂ ಉದ್ದಕ್ಕೂ ಇಟ್ಟು ನೋಡಬೇಕು. ಸವೆತ ಮಿತಿ ಮೀರಿದ್ದರೆ ಗೋಡೆ ಕೊರೆದು 0.25 ಇಲ್ಲವೇ 0.50 ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕಬೇಕು. ಪಿಸ್ಟನ್ನಿಗೂ ಗೋಡೆಗೂ ನಡುವೆ ಬಿಡಬೇಕಾದ ಸಂದು ಒಂದು ಮಿಲಿಮೀಟರಿನ ನೂರರಲ್ಲಿ ಮೂರು-ನಾಲ್ಕು ಭಾಗ. ತಲೆಗೂದಲಿನ ದಪ್ಪದ ಅರ್ಧ ಎನ್ನಿ. ಸಂದು ಹೆಚ್ಚಾದರೆ ಪಿಸ್ಟನ್ ಬಡಿಯುತ್ತದೆ, ಕಡಿಮೆಯಾದರೆ ಬಿಸಿಗೆ ಹಿಗ್ಗಿ ಕಚ್ಚಿಕೊಳ್ಳುತ್ತದೆ.

ಇದಕ್ಕೇ ಒಳ್ಳೆಯ ಲೇತಿನವನು ಬ್ಲಾಕನ್ನು ಮಾತ್ರ ಕೊಟ್ಟರೆ ಕೆಲಸ ಹಿಡಿಯುವುದಿಲ್ಲ. ‘ಪಿಸ್ಟನ್ ತಂದುಕೊಡು’ ಎನ್ನುತ್ತಾನೆ. ಪೆಟ್ಟಿಗೆಯ ಮೇಲೆ ಬರೆದ ಅಂಕಿಯನ್ನು ನಂಬದೆ ಒಂದೊಂದು ಪಿಸ್ಟನ್ನನ್ನೂ ಮೈಕ್ರೋಮೀಟರಿನಲ್ಲಿ ಅಳೆದು, ಯಾವ ಪಿಸ್ಟನ್ ಯಾವ ಸಿಲಿಂಡರಿಗೆಂದು ಗುರುತು ಹಾಕಿ, ಅದಕ್ಕೆ ತಕ್ಕಂತೆ ಕೊರೆಯುತ್ತಾನೆ. ಕೊರೆದ ಮೇಲೆ ಹೋನಿಂಗ್. ಸಾಣೆ ಕಲ್ಲುಗಳು ತಿರುಗುತ್ತ ಮೇಲೆ ಕೆಳಗೆ ಆಡಿದಾಗ ಗೋಡೆಯ ಮೇಲೆ ಒಂದರ ಮೇಲೊಂದು ಓರೆಯಾಗಿ ಹಾದ ಸಣ್ಣ ಗೀರುಗಳು ಮೂಡುತ್ತವೆ. ನೋಡುವವನಿಗೆ ಅದು ಕೆಲಸ ಅರ್ಧಕ್ಕೆ ಬಿಟ್ಟಂತೆ ಕಾಣುತ್ತದೆ. ಆದರೆ ಆಯಿಲ್ ನಿಲ್ಲುವುದೇ ಆ ಗೀರುಗಳಲ್ಲಿ. ಗೋಡೆ ಕನ್ನಡಿಯಷ್ಟು ನುಣುಪಾದರೆ ಹೊಸ ರಿಂಗು ಅದಕ್ಕೆ ಹೊಂದಿಕೊಳ್ಳುವುದೇ ಇಲ್ಲ. ಹೋನಿಂಗ್ ಮುಗಿದ ಮೇಲೆ ಬ್ಲಾಕನ್ನು ಬಿಸಿನೀರು, ಸಾಬೂನು ಹಾಕಿ ತಿಕ್ಕಬೇಕು. ಪೆಟ್ರೋಲಿನಲ್ಲಿ ಒರೆಸಿದರೆ ಕಲ್ಲಿನ ಪುಡಿ ಹೋಗುವುದಿಲ್ಲ. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬಟ್ಟೆ ಬಿಳಿಯಾಗಿಯೇ ಇರುವವರೆಗೂ ತೊಳೆದು, ತುಕ್ಕು ಹತ್ತುವ ಮೊದಲೇ ಆಯಿಲ್ ಸವರಬೇಕು. ಅರ್ಧ ತಾಸಿನ ಈ ತೊಳೆಯುವ ಕೆಲಸಕ್ಕೆ ಯಾರೂ ಬಿಲ್ಲು ಬರೆಯುವುದಿಲ್ಲ. ಅದನ್ನು ಬಿಟ್ಟರೆ ಮಾತ್ರ ಉಳಿದ ಪುಡಿಯೇ ಹೊಸ ರಿಂಗನ್ನೂ ಬೇರಿಂಗನ್ನೂ ತಿಂದುಹಾಕುತ್ತದೆ.

ಲೇತಿನ ಮಾತು ಬಂದಾಗ ಒಂದು ಅಡ್ಡಮಾತು. ಹೋಳ್ಕರ್ ಸೇತುವೆ ದಾಟಿದರೆ ಖಡಕಿ. ಅಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಶುರುವಾದದ್ದು 1946ರಲ್ಲಿ. ಆ ಮನೆತನದ ಉದ್ಯಮಕ್ಕೆ ಬೀಜ ಹಾಕಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ, 1869ರಲ್ಲಿ. ಉದ್ಯಮ ಆರಂಭಿಸಿದ್ದು ಬೆಳಗಾವಿಯ ಸೈಕಲ್ ಅಂಗಡಿಯಲ್ಲಿ. 1941ರಲ್ಲಿ ಹುಟ್ಟಿದ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು, ಆ ಕಾರ್ಖಾನೆ ಮುಚ್ಚಿದ ಮೇಲೂ, ಎಷ್ಟೋ ವರ್ಕ್‌ಶಾಪುಗಳಲ್ಲಿ ತಿರುಗುತ್ತಲೇ ಇವೆ.

ಮತ್ತೆ ಇಂಜಿನ್ನಿಗೆ ಬಂದರೆ, ಕ್ರ್ಯಾಂಕಿನದೂ ಸಿಲಿಂಡರಿನದೇ ಲೆಕ್ಕ, ತಿರುವುಮುರುವಾಗಿ. ಅಲ್ಲಿ ಉಜ್ಜಿ ಸಣ್ಣದು ಮಾಡಿ ದಪ್ಪ ಬೇರಿಂಗ್ ಹಾಕುತ್ತಾರೆ. ಬೇರಿಂಗಿನ ಬೆನ್ನ ಮೇಲೆ ಅಳತೆ ಅಚ್ಚಾಗಿರುತ್ತದೆ. ಹೆಡ್ಡಿನ ಕೆಲಸ ಇನ್ನೂ ಸೂಕ್ಷ್ಮ. ಇಂಜಿನ್ ಒಮ್ಮೆ ಕಾದು ನಿಂತಿದ್ದರೆ ಅಲ್ಯುಮಿನಿಯಂ ಹೆಡ್ಡು ಸೊಟ್ಟಗಾಗಿರುತ್ತದೆ. ನೇರಪಟ್ಟಿ ಇಟ್ಟು, ಅದರಡಿ ಫೀಲರ್ ಗೇಜಿನ ಎಲೆ ತೂರಿಸಿ ನೋಡುತ್ತಾರೆ, 0.05 ಮಿಲಿಮೀಟರಿನ ಎಲೆ ಹಾದುಹೋದರೆ ಫೇಸಿಂಗ್ ಮಾಡಿಸಲೇಬೇಕು. ವಾಲ್ವುಗಳನ್ನು ಪೇಸ್ಟ್ ಹಚ್ಚಿ, ಕೈಯಲ್ಲಿ ಕಡ್ಡಿ ಹಿಡಿದು, ಹಿಂದೆ ಮುಂದೆ ತಿರುವುತ್ತ ಸೀಟಿಗೆ ಕೂಡಿಸುತ್ತಾರೆ. ಆಮೇಲೆ ಹೆಡ್ಡನ್ನು ಮಗ್ಗುಲಿಗಿಟ್ಟು ಪೋರ್ಟಿನೊಳಗೆ ಸೀಮೆಎಣ್ಣೆ ಹುಯ್ದು ಕಾಯುತ್ತಾರೆ. ವಾಲ್ವಿನ ಅಂಚಿನಲ್ಲಿ ತೇವ ಕಂಡರೆ ಮತ್ತೆ ಪೇಸ್ಟು, ಮತ್ತೆ ಕಡ್ಡಿ. ಆ 1061 ಸಿಸಿಯ ವ್ಯಾಗನ್ ಆರ್ ಇಂಜಿನ್ನಿಗೆ ವಾಲ್ವು 16. ಬೇಸರವಿಲ್ಲದೆ ಹದಿನಾರನ್ನೂ ಕೂಡಿಸುವವರು ಕಡಿಮೆ. ಗಡಿಬಿಡಿಯ ಕೆಲಸ ಮೊದಲು ಕೈಕೊಡುವುದು ಇಲ್ಲೇ.

ಇಷ್ಟೆಲ್ಲ ನಡೆಯುವುದು ಲೋಹದ ಒಳಗೆ. ಮುಚ್ಚಿದ ಮೇಲೆ ಒಂದೂ ಕಾಣುವುದಿಲ್ಲ. ಹಾಗಿದ್ದರೆ ಓದುವುದು ಹೇಗೆ?

ಆಳಂದಿ ರಸ್ತೆಯಿಂದ ಒಳಗೆ ಸರಿದ ಗಲ್ಲಿಯೊಂದರಲ್ಲಿ ಅಫಜಲಪುರದ ಕಡೆಯ ಮಿಸ್ತ್ರಿಯೊಬ್ಬರು ಇದನ್ನು ಮಾಡುವುದನ್ನು ಕೂತು ನೋಡಿದ್ದೇನೆ. ಫರಶಿ ಕೆಲಸದ ಹುಡುಗನೊಬ್ಬ 2009ರ ವ್ಯಾಗನ್ ಆರ್ ಗೊತ್ತುಮಾಡಿಕೊಂಡು ಅವರನ್ನು ಕರೆದಿದ್ದ.

“ಹ್ಯಾಂಗದ ಕಾಕಾ ಗಾಡಿ?”

“ಇನ್ನಾ ನೋಡೇ ಇಲ್ಲ ತಮ್ಮಾ. ಮದಲ ಬಾನೆಟ್ ಮ್ಯಾಲ ಕೈ ಇಡು.”

ಬಾನೆಟ್ ಬೆಚ್ಚಗಿತ್ತು. ಮಿಸ್ತ್ರಿ ಒಂದು ಮಾತೂ ಆಡದೆ ಚಹಾಕ್ಕೆ ಹೋದರು. ಮಾರುವವನು ‘ಈಗ ಸ್ವಲ್ಪ ಮುಂದ ಹಿಂದ ಮಾಡಿದ್ದೆ’ ಎಂದ. ಬಿಸಿ ಇಂಜಿನ್ ಅರ್ಧ ರೋಗ ಮುಚ್ಚಿಡುತ್ತದೆ. ತಣ್ಣಗಿದ್ದಾಗ ಚಾಲೂ ಮಾಡಿದ ಮೊದಲ ಹತ್ತು ಸೆಕೆಂಡಿನಲ್ಲಿ ಕೇಳುವುದು ಮತ್ತೆ ಕೇಳುವುದಿಲ್ಲ. ಬಹಳ ಹೊತ್ತು ಕಳೆದು ಬಾನೆಟ್ ಆರಿದ ಮೇಲೆಯೇ ಅವರು ಕೀಲಿ ತಿರುವಲು ಹೇಳಿದ್ದು. ಕಣ್ಣು ಹೊಗೆಯ ಮೇಲಲ್ಲ, ಕೆಂಪು ಆಯಿಲ್ ದೀಪದ ಮೇಲೆ. ಇಂಜಿನ್ ಹಿಡಿದ ಎರಡು-ಮೂರು ಸೆಕೆಂಡಿನಲ್ಲಿ ಅದು ಆರಬೇಕು. ತಡವಾದರೆ ಪಂಪು ಇಲ್ಲವೇ ಬೇರಿಂಗ್ ಸಡಿಲ. ಆಮೇಲೆ ಹೊಗೆ. ಚಾಲೂ ಮಾಡಿದ ಕೂಡಲೇ ಒಂದು ಉಸಿರು ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲಿನ ದೋಷ. ರೇಸ್ ಕೊಟ್ಟಂತೆಲ್ಲ ನೀಲಿ ಹೆಚ್ಚಾದರೆ ರಿಂಗಿನ ದೋಷ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಹೋಗುತ್ತಿದೆ. ಈ ಗಾಡಿಯ ಹೊಗೆ ಚೊಕ್ಕಟವಾಗಿತ್ತು.

ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ತಿರುವಿ, ತೆಗೆಯದೆ ಬಾಯಿಯ ಮೇಲೆ ಹಾಗೇ ಇಟ್ಟರು. ಒಳಗಿನ ಒತ್ತಡಕ್ಕೆ ಮುಚ್ಚಳ ಕುಣಿದು ಬಿದ್ದರೆ, ಬಾಯಿಯಿಂದ ಹೊಗೆ ಬುಸುಗುಟ್ಟಿದರೆ, ಅದಕ್ಕೆ ಗ್ಯಾರೇಜಿನವರು ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ: ಉರಿದ ಗಾಳಿ ರಿಂಗು ದಾಟಿ ಕೆಳಗಿಳಿಯುತ್ತಿದೆ ಎಂದರ್ಥ. ಮುಚ್ಚಳ ಮೆಲ್ಲಗೆ ನಡುಗಿತೇ ಹೊರತು ಜಾರಲಿಲ್ಲ. ಅದರ ಒಳಮೈ ತಿರುವಿ ನೋಡಿದರು. ಬಿಳಿ ಜಿಗಟು ಇದ್ದರೆ ಆಯಿಲಿನಲ್ಲಿ ನೀರು ಬೆರೆತಿದೆ. ಮಳೆಗಾಲದಲ್ಲಿ ಓಣಿಯೊಳಗೇ ಓಡುವ ಗಾಡಿಗೆ ಚೂರು ಜಿಗಟು ಹತ್ತುವುದುಂಟು, ಅದಕ್ಕೆ ಗಾಬರಿಯಾಗಬೇಕಿಲ್ಲ.

ಮುಂದೆ ಟಾರ್ಚ್ ಹಿಡಿದು ಕೆಳಗೆ ಬಗ್ಗಿದರು. ಆಯಿಲ್ ಪ್ಯಾನಿನ ಸುತ್ತ ಹಚ್ಚಿದ ಸಿಲಿಕಾನ್ ಅಂಟು ಎಷ್ಟು ಹೊರಗೆ ಉಕ್ಕಿದೆ ಎಂದು ನೋಡುವುದು ಅವರ ಪದ್ಧತಿ. ಹೊರಗೆ ಎಷ್ಟು ಉಕ್ಕಿದೆಯೋ ಒಳಗೂ ಅಷ್ಟೇ ಉಕ್ಕಿರುತ್ತದೆ. ಒಳಗೆ ಉಕ್ಕಿದ್ದು ಚೂರುಚೂರಾಗಿ ಕಿತ್ತುಹೋಗಿ ಆಯಿಲ್ ಪಂಪಿನ ಜಾಲರಿಗೆ ಅಂಟಿದರೆ ಹೊಸ ಬೇರಿಂಗು ಒಣಗಿ ಸಾಯುತ್ತದೆ. ಇಲ್ಲಿ ಸಿಲಿಕಾನ್ ತೆಳ್ಳಗೆ ಒಂದೇ ಗೆರೆಯಾಗಿತ್ತು. “ಕೈ ಛಲೋ ಅದ” ಎಂದರು. ತಾವು ಕಂಡೇ ಇರದ ಇನ್ನೊಬ್ಬ ಮಿಸ್ತ್ರಿಯ ಬಗ್ಗೆ ಆಡಿದ ಮಾತು ಅದು.

ಕೊನೆಗೆ ಕಂಪ್ರೆಷನ್ ಗೇಜ್. ಇಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ಗು ಬಿಚ್ಚಿ, ಪೆಟ್ರೋಲು ಕರೆಂಟು ಎರಡೂ ಕಡಿದು, ಒಂದೊಂದೇ ರಂಧ್ರಕ್ಕೆ ಗೇಜ್ ಕೂಡಿಸಿ, ಹುಡುಗನಿಗೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಲು ಹೇಳಿದರು. ಇಂಥ ಪೆಟ್ರೋಲ್ ಇಂಜಿನ್ನಿಗೆ 150ರಿಂದ 190 ಪಿಎಸ್‌ಐ ಒಳ್ಳೆಯದೇ. ಅಂಕಿಗಿಂತ ಅಂಕಿಗಳ ನಡುವಿನ ಅಂತರ ಮುಖ್ಯ. ಅದು ನೂರಕ್ಕೆ ಹತ್ತು ದಾಟಬಾರದು. ಮೊದಲ ಮೂರು 165, 165, 160 ತೋರಿಸಿದವು. ನಾಲ್ಕನೆಯದು 130ಕ್ಕೆ ನಿಂತಿತು.

ನನಗೆ ಈ ಕಸುಬಿನ ಮೇಲೆ ಅಭಿಮಾನ ಹುಟ್ಟಿದ್ದು ಅದಾದ ಮೇಲಿನ ಕೆಲಸದಿಂದ. ಅವರು ಒಂದು ಚಮಚ ಆಯಿಲನ್ನು ನಾಲ್ಕನೇ ರಂಧ್ರಕ್ಕೆ ಹಾಕಿ ಮತ್ತೆ ಸೆಲ್ಫ್ ಹೊಡೆಸಿದರು. ರಿಂಗಿನ ಸಂದಿನಿಂದ ಗಾಳಿ ಸೋರುತ್ತಿದ್ದರೆ ಆಯಿಲ್ ಆ ಸಂದು ಮುಚ್ಚಿ ಅಂಕಿ ಮೇಲೇರುತ್ತದೆ. ಏರಲಿಲ್ಲ. ಅಂದರೆ ಬೋರು, ಪಿಸ್ಟನ್ನು, ರಿಂಗು ಸರಿಯಾಗಿವೆ. ಸೋರುತ್ತಿರುವುದು ಮೇಲೆ, ವಾಲ್ವಿನಲ್ಲಿ ಇಲ್ಲವೇ ಹೆಡ್ ಗ್ಯಾಸ್ಕೆಟಿನಲ್ಲಿ. ಪ್ಲಗ್ಗು ಕೂಡಿಸಿ, ಇಂಜಿನ್ ಆರಲು ಬಿಟ್ಟು, ರೇಡಿಯೇಟರಿನ ಮುಚ್ಚಳ ತೆಗೆದು ಚಾಲೂ ಮಾಡಿಸಿದರು. ಗುಳ್ಳೆ ಏಳಲಿಲ್ಲ. ಹಾಗಾದರೆ ಗ್ಯಾಸ್ಕೆಟಲ್ಲ, ವಾಲ್ವು. ಆಗ ಮಾರುವವನನ್ನು ಲೇತಿನ ಬಿಲ್ ಕೇಳಿದರು. ಅವನ ಬಳಿ ಇತ್ತು. ಬೋರಿಂಗ್ ನಾಲ್ಕು, ಪಿಸ್ಟನ್ 0.50, ಕ್ರ್ಯಾಂಕ್ ಗ್ರೈಂಡಿಂಗ್, ಬೇರಿಂಗ್ ಎಲ್ಲ ಬರೆದಿತ್ತು. ಹೆಡ್ಡಿನ ಸಾಲೇ ಇರಲಿಲ್ಲ. ಗೇಜ್ ಹೇಳಿದ್ದನ್ನೇ ಬಿಲ್ಲೂ ಹೇಳಿತು: ಕೆಳಗಿನ ಕೆಲಸಕ್ಕೆ ದುಡ್ಡು ಸುರಿದು, ಮೇಲಿನದಕ್ಕೆ ಬರುವಷ್ಟರಲ್ಲಿ ಮಾಲೀಕ ಕೈ ಬಿಗಿಹಿಡಿದಿದ್ದಾನೆ.

ಇನ್ನೊಂದು ಪ್ರಶ್ನೆಯನ್ನು ಬಹಳ ಮಂದಿ ಕೇಳುವುದೇ ಇಲ್ಲ. ಇಂಜಿನ್ ಯಾಕೆ ಬಿಚ್ಚಬೇಕಾಯಿತು? ವಯಸ್ಸಾಗಿ ಸವೆದಿದ್ದರೆ ಸರಿ. ನೀರು ಖಾಲಿಯಾಗಿ ಕಾದಿದ್ದರೆ ಅದೇ ಹಳೇ ರೇಡಿಯೇಟರು ಇನ್ನೂ ಇದೆಯೇ ಎಂದು ನೋಡಬೇಕು. ಇದ್ದರೆ ಹೊಸ ಇಂಜಿನ್ನಿಗೂ ಅದೇ ಗತಿ. ಕಾಯುವ ಗಾಡಿಯ ಥರ್ಮೋಸ್ಟಾಟನ್ನು ಕಿತ್ತೆಸೆದು, ಫ್ಯಾನಿಗೆ ನೇರ ವೈರ್ ಕೊಟ್ಟು ಸಾಗಹಾಕುವುದು ನಮ್ಮಲ್ಲಿ ಮಾಮೂಲು. ಹಾಗೆ ಮಾಡಿದ ಇಂಜಿನ್ ಬೇಕಾದಷ್ಟು ಬಿಸಿಯಾಗದೆ ಪೆಟ್ರೋಲು ಕುಡಿಯುತ್ತದೆ, ಬೇಗ ಸವೆಯುತ್ತದೆ. ಪ್ರವಾಹದ ನೀರು ಕುಡಿದು ಕನೆಕ್ಟಿಂಗ್ ರಾಡ್ ಬಗ್ಗಿದ ಗಾಡಿಯಾದರೆ ದರ ಎಷ್ಟೇ ಇಳಿಸಲಿ, ಬೇಡ. ಇಂಜಿನ್ ಸರಿಮಾಡಬಹುದು, ವೈರಿಂಗಿನೊಳಗೆ ಹೊಕ್ಕ ಕೆಸರನ್ನು ತೆಗೆಯಲಾಗುವುದಿಲ್ಲ. 2019ರಲ್ಲಿ ಸಾಂಗ್ಲಿ-ಕೊಲ್ಹಾಪುರ, 2024ರ ಜುಲೈನಲ್ಲಿ ಪುಣೆಯದೇ ಸಿಂಹಗಡ ರಸ್ತೆಯ ಏಕತಾನಗರಿ ಮುಳುಗಿದ್ದನ್ನು ನೆನಪಿಟ್ಟುಕೊಂಡೇ ಮ್ಯಾಟಿನಡಿ, ಸೀಟ್ ಬೆಲ್ಟಿನ ಬುಡದಲ್ಲಿ, ಡ್ಯಾಶ್‌ಬೋರ್ಡಿನ ಹಿಂದೆ ಮಣ್ಣು ಹುಡುಕಬೇಕು. ಸಿಎನ್‌ಜಿ ಕಿಟ್ ಹಾಕಿದ ಗಾಡಿಯಾದರೆ ವಾಲ್ವಿನ ಮೇಲೆ ಅನುಮಾನ ಇನ್ನಷ್ಟು ಇರಲಿ. ಕಿಟ್ಟು ಆರ್‌ಸಿಯಲ್ಲಿ ನಮೂದಾಗಿರಬೇಕು, ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಆಗಿರಬೇಕು.

ಗಾಡಿ ಓಡಿಸಿ ನೋಡುವುದೂ ಒಂದು ವಿದ್ಯೆ. ನಗರ ರಸ್ತೆಯ ಟ್ರಾಫಿಕ್ಕಿನಲ್ಲಿ ಹೋಗಿ ಬಂದರೆ ಏನೂ ತಿಳಿಯದು. ಹಡಪಸರದ ಆಚೆ ದಿವೆ ಘಾಟಿನವರೆಗೆ ಹೋಗಿ, ಎಸಿ ಹಾಕಿ, ಮೂರನೇ ಗೇರಿನಲ್ಲಿ ಏರಿಸಿ, ಟೆಂಪರೇಚರ್ ಮುಳ್ಳು ನೋಡಬೇಕು. ಮೇಲೆ ನಿಂತು ಐಡಲ್‌ನಲ್ಲಿ ಬಿಟ್ಟಾಗ ಆಯಿಲ್ ದೀಪ ಮಿಣುಕಿದರೆ ಬೇರಿಂಗಿನ ಕೆಲಸ ಸುಳ್ಳು. ಇಳಿಯುವಾಗ ಕಾಲು ತೆಗೆದು ಮತ್ತೆ ಒತ್ತಿದಾಗ ನೀಲಿ ಹೊಗೆ ಬಂದರೆ ವಾಲ್ವ್ ಗೈಡ್ ಸವೆದಿದೆ. ಅದನ್ನು ನೋಡಲು ಹಿಂದೆ ಬೈಕಿನಲ್ಲಿ ಒಬ್ಬ ಗೆಳೆಯ ಬೇಕು.

ಕಾಗದದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬ್ಲಾಕಿನ ಮೇಲೆ ಕೊರೆದ ಇಂಜಿನ್ ನಂಬರು ಆರ್‌ಸಿಯದಕ್ಕೆ ಅಕ್ಷರಶಃ ಹೊಂದಬೇಕು. ಮಾರುತಿಯಲ್ಲಿ ನಂಬರಿನ ಮೊದಲ ಅಕ್ಷರಗಳೇ ಇಂಜಿನ್ನಿನ ಜಾತಿ ಹೇಳುತ್ತವೆ. ಎಫ್10ಡಿ ಇರಬೇಕಾದಲ್ಲಿ ಕೆ10ಬಿ ಇದ್ದರೆ ಅದು ಕೆಲಸ ಮಾಡಿಸಿದ ಇಂಜಿನ್ನಲ್ಲ, ಎಲ್ಲಿಂದಲೋ ತಂದು ಕೂರಿಸಿದ್ದು. ಹಾಗೆ ಬದಲಿಸಿದ್ದರೆ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ಆರ್‌ಟಿಒದಲ್ಲಿ ದಾಖಲಾಗಿರಬೇಕು. ಇಲ್ಲವಾದರೆ ವರ್ಗಾವಣೆಗೂ ತೊಡಕು, ವಿಮೆಗೂ ತೊಡಕು, ಕದ್ದ ಮಾಲಾದರೆ ಪೊಲೀಸ್ ಠಾಣೆ. ಹದಿನೈದು ವರ್ಷ ದಾಟಿದ ಗಾಡಿಗೆ ನೋಂದಣಿ ಐದು ವರ್ಷಕ್ಕೊಮ್ಮೆ ನವೀಕರಣ. 2022ರ ಏಪ್ರಿಲ್‌ನಲ್ಲಿ ಕಾರಿನ ನವೀಕರಣ ಶುಲ್ಕ 600ರಿಂದ 5000 ರೂಪಾಯಿಗೆ ಏರಿತು. ನವೀಕರಣ ಆಗಿದೆಯೋ ಇಲ್ಲವೋ ಎಂಬುದನ್ನು ದರದಲ್ಲಿ ಲೆಕ್ಕ ಹಿಡಿಯಿರಿ. ಪುಣೆಯ ಎಂಎಚ್ 12 ನಂಬರಿನ ಗಾಡಿಯನ್ನು ಊರಿಗೆ ಒಯ್ದು ಅಲ್ಲೇ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಎನ್‌ಒಸಿ ತಂದು, ಕರ್ನಾಟಕದ ತೆರಿಗೆ ಕಟ್ಟಿ, ಕೆಎ ನಂಬರು ಮಾಡಿಸಬೇಕು. ಅಗ್ಗದ ಕಾರಿನ ಅಗ್ಗತನ ಎಷ್ಟೋ ಸಲ ಕರಗುವುದು ಇಲ್ಲೇ.

ಆ ವ್ಯಾಗನ್ ಆರ್ ಬಗ್ಗೆ ಮಿಸ್ತ್ರಿ ‘ತಗೊ’ ಎನ್ನಲಿಲ್ಲ, ‘ಬ್ಯಾಡ’ ಎಂದೂ ಅನ್ನಲಿಲ್ಲ. “ಬುಡ ಗಟ್ಟಿ ಅದ. ಹೆಡ್ ಕೆಲಸ ಬಾಕಿ ಅದ, ರೇಡಿಯೇಟರ್ ಹಳೇದು. ಎರಡರ ಖರ್ಚು ಕಳೆದು ದರ ಹೇಳು. ಅಂವ ಒಪ್ಪಲಿಲ್ಲಂದ್ರ ಎದ್ದು ಬಾ. ಇನ್ನೊಂದು, 0.50 ಪಿಸ್ಟನ್ ಬಿದ್ದದ. ಮುಂದಿನ ಸಲ ಬೋರ್ ಮಾಡ್ಲಿಕ್ಕ ಜಾಗ ಇಲ್ಲ, ಲೈನರ್ ಕೂಡಿಸಬೇಕಾಗ್ತದ. ಮಾರೂ ಗಾಡಿ ಅಂತ ತಗೋಬ್ಯಾಡ, ಓಡ್ಸೂ ಗಾಡಿ ಅಂತ ತಗೊ” ಎಂದರು. ಕೆಲಸ ಮಾಡಿಸಿದ ಇಂಜಿನ್ನಿನ ಬಗ್ಗೆ ಇದಕ್ಕಿಂತ ನಿಖರವಾದ ತೀರ್ಪನ್ನು ನಾನು ಕೇಳಿಲ್ಲ. ಬಿಲ್ ಇದ್ದು, ನಂಬರು ಹೊಂದಿ, ಗೇಜಿನ ಅಂಕಿಗಳು ಸಮವಾಗಿದ್ದರೆ ಅಂಥ ಗಾಡಿ ‘ಸೀಲ್ ಪ್ಯಾಕ್’ ಎಂದು ಆಣೆ ಹಾಕುವ ಮುದಿ ಇಂಜಿನ್ನಿಗಿಂತ ವಾಸಿ ಎಂಬುದು ನನ್ನ ಅಭಿಪ್ರಾಯ. ಬಿಲ್ಲೇ ಇಲ್ಲದಿದ್ದರೆ, ಇಂಜಿನ್ ಕೆಲಸವೇ ಆಗಿಲ್ಲವೆಂದು ತಿಳಿದು, ಮುಂದೆ ಮಾಡಿಸಬೇಕಾದ ಪೂರ್ತಿ ಕೆಲಸದ ಖರ್ಚು ಕಳೆದು ದರ ಕಟ್ಟಿ.

ಓದುಗರಲ್ಲಿ ಒಂದೇ ಕೋರಿಕೆ. ಗಾಡಿ ನೋಡಲು ಮಿಸ್ತ್ರಿಯನ್ನು ಕರೆದೊಯ್ದರೆ ಅವರ ಕೂಲಿಯನ್ನು ಮೊದಲೇ ಮಾತಾಡಿ, ಗಾಡಿ ಕೊಂಡರೂ ಕೊಳ್ಳದಿದ್ದರೂ ಪೂರ್ತಿ ಕೊಡಿ. ಚಹಾ ಕುಡಿಸಿ ಕಳಿಸುವವರೇ ಹೆಚ್ಚಾದ್ದರಿಂದ ಎಷ್ಟೋ ಮಿಸ್ತ್ರಿಗಳು ಮಾರುವವನ ಕಮಿಷನ್ನಿಗೆ ಕೈ ಒಡ್ಡುತ್ತಾರೆ. ‘ಬ್ಯಾಡ’ ಎಂದು ಹೇಳಿದ ದಿನವೂ ಅವರ ಕೈಗೆ ದುಡ್ಡು ಬರಲಿ.